ಖಂಡೆಪ್ಪ ಮಾಸ್ತರರ ಒಂದೇ ಪುಸ್ತಕ

ನಮ್ಮ ಅಜ್ಜಿ ಗುರುಲಿಂಗಮ್ಮ ಪೇಪರನ್ನು ಅಡ್ಡ ಹಿಡಿದು ಓದುತ್ತಾಳೆ. ತಮಾಷೆಗಲ್ಲ, ನಿಜವಾಗಿಯೂ. ಸಾಲುಗಳು ಏಣಿ ಹತ್ತಿದ ಹಾಗೆ ಕೆಳಗಿಂದ ಮೇಲಕ್ಕೆ ಹೋಗಬೇಕು, ಆಗ ಮಾತ್ರ ಅವಳಿಗೆ ಓದಲು ಬರುತ್ತದೆ. ನೆಟ್ಟಗೆ ಹಿಡಿದು ಕೊಟ್ಟರೆ, "ಏನ್ ಛಾಪ್ಸ್ಯಾರೋ ಏನೋ, ಎಲ್ಲಾ ಸೊಟ್ಟ" ಎಂದು ಬೈದು ತಿರುಗಿಸಿಕೊಳ್ಳುತ್ತಾಳೆ. ಮನೆಗೆ ಬಂದವರು ನಗುತ್ತಾರೆ. ಅಜ್ಜಿಗೆ ಬೇಜಾರಿಲ್ಲ. "ನಾ ಮಾಸ್ತರ್ರ ಎಡಗಡಿ ಕುಂಡರ್ತಿದ್ನಪಾ, ಅದಕ್ಕ" ಅನ್ನುತ್ತಾಳೆ.

ಆ ಮಾಸ್ತರರೇ ಖಂಡೆಪ್ಪನವರು. ನಾನು ಅವರನ್ನು ನೋಡಿಲ್ಲ, ಅವರದೊಂದು ಫೋಟೊ ಕೂಡ ಎಲ್ಲೂ ಇಲ್ಲ. ಆದರೂ ನನಗೆ ಚಿಕ್ಕಂದಿನಿಂದ ಅವರ ಹುಚ್ಚು. ಅಜ್ಜಿ ಬೇರೆ ಯಾರ ಕತೆ ಹೇಳಿದರೂ ನಾನು ತೂಕಡಿಸುತ್ತಿದ್ದೆ, ಅವರ ಕತೆಗೆ ಮಾತ್ರ ಎದ್ದು ಕೂರುತ್ತಿದ್ದೆ.

ಅವರದು ಮೊಗುಡಂಪಲ್ಲಿ ಕಡೆಯ ಊರು. ಬೀದರದ ಒಂದು ಮಠದಲ್ಲಿ ಇದ್ದು ಕನ್ನಡ ಕಲಿತರು, ಕಚೇರಿಗೆ ಬೇಕಾದಷ್ಟು ಉರ್ದುವೂ ಬರುತ್ತಿತ್ತು. ಅವರಪ್ಪ ಹೇಳಿಸಿ ಕೇಳಿಸಿ ತಾಂಡೂರಿನ ತೊಗರಿ ವ್ಯಾಪಾರದ ಅಡತಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಇಟ್ಟರು. ಆದರೆ ಬೆಲ್ಲ ಕಟ್ಟಿಕೊಂಡು ಬಂದ ಕಾಗದವನ್ನೂ ಬಿಡದೆ ಬಿಡಿಸಿ ಓದುವ ಮನುಷ್ಯ ಅಡತಿಯಲ್ಲಿ ಎಷ್ಟು ದಿನ ಬಾಳಿಯಾನು? ಇರುವೆ ಮುತ್ತಿದ ಕಾಗದ ಹಿಡಿದುಕೊಂಡು ನಿಂತಿದ್ದನ್ನು ನೋಡಿ ಸಾಹುಕಾರ, "ಖಂಡ್ಯಾ, ಬೆಲ್ಲ ತಿನ್ನೋರ್ನ ನೋಡೀನಿ, ಬೆಲ್ಲದ ಕಾಗದ ತಿನ್ನೋವ್ನ ನಿನ್ನೊಬ್ಬನ್ನೇ ನೋಡಿದ್ದು" ಎಂದನಂತೆ. ಅಡತಿ ಬಿಟ್ಟು ನಾರಾಯಣಖೇಡದ ಹತ್ತಿರದ ನಮ್ಮೂರಿಗೆ ಬಂದರು.

ಅದು ನಿಜಾಮರ ಕಾಲ. ನಮ್ಮೂರಲ್ಲಿ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ಉರ್ದು. ಮಾತಿಗೆ ಯಾವ ಭಾಷೆಯಾದರೂ ಸರಿ, ಆದರೆ ಕನ್ನಡ ಓದಲು ಕಲಿಯಬೇಕೆಂದರೆ ಜಾಗವೇ ಇಲ್ಲ. ನಮ್ಮ ಮುತ್ತಜ್ಜ ಶಿವಶಂಕರಪ್ಪ, ಅಂದರೆ ಅಜ್ಜಿಯ ಅಪ್ಪ, ತನ್ನ ಮನೆಯ ಪಡಸಾಲೆ ಬಿಟ್ಟುಕೊಟ್ಟ. ಸಾಲಿ ಶುರುವಾಯಿತು.

ಪುಸ್ತಕ ಇದ್ದದ್ದು ಒಂದೇ. ರಟ್ಟು ಇಲ್ಲ, ಮೊದಲ ಹಾಳೆ ಇಲ್ಲ, ಹಾಗಾಗಿ ಅದರ ಹೆಸರು ಏನೆಂದು ಮಾಸ್ತರರಿಗೂ ಗೊತ್ತಿರಲಿಲ್ಲ. ಹಾಳೆಗಳು ಹಪ್ಪಳದ ಹಾಗೆ, ಜೋರಾಗಿ ಹಿಡಿದರೆ ಮುರಿಯುತ್ತವೆ. ಅದಕ್ಕೆ ಮಾಸ್ತರರ ಕೈ ಬಿಟ್ಟು ಬೇರೆ ಕೈ ಅದಕ್ಕೆ ತಾಗುವಂತಿರಲಿಲ್ಲ. ಮಣೆಯ ಮೇಲೆ ಅದನ್ನು ಇಟ್ಟು, ಮಾಸ್ತರರು ಬಾಗಿಲಿಗೆ ಮುಖ ಮಾಡಿ ಕೂರುವುದು. ಹುಡುಗಿಯರು ಎಡಗಡೆ, ಹುಡುಗರು ಬಲಗಡೆ. ಜೋಳದ ದಂಟಿನಿಂದ ಒಂದೊಂದೇ ಅಕ್ಷರ ಮುಟ್ಟಿ ತೋರಿಸುವುದು. ಸ್ವಾರಸ್ಯ ಬಂತು ಎನ್ನುವಾಗ ದಂಟು ನಿಲ್ಲಿಸಿಬಿಡುತ್ತಿದ್ದರು. "ಮುಂದ? ಮುಂದ ಏನಾತ್ರೀ?" ಎಂದು ಮಕ್ಕಳು ಕೂಗಿದರೆ, "ನನಗೇನ್ ಕೇಳ್ತೀರಿ? ಅಕ್ಷರ ಅಲ್ಲೇ ಅವ, ಅವನ್ನೇ ಕೇಳ್ರಿ" ಎನ್ನುವುದು. ಓದುವ ಆಸೆ ಹುಟ್ಟಿಸುವುದು ಅಂದರೆ ಇದೇ ಅಲ್ಲವೇ!

ಕೊನೆಯ ಕತೆಗೆ ಕೊನೆಯೇ ಇರಲಿಲ್ಲ, ಇಲಿ ತಿಂದಿತ್ತು. ಒಂದು ಮದುವೆ ಬಂಡಿ ತುಂಬಿದ ಹೊಳೆಯ ದಂಡೆಗೆ ಬಂದು ನಿಲ್ಲುತ್ತದೆ, ಅಷ್ಟೇ. ದಿನಾ ಮಕ್ಕಳದು ಜಗಳ: ದಾಟಿತು, ಮುಳುಗಿತು, ವಾಪಸ್ ಹೋಯಿತು.

ಇನ್ನು ಲಚ್ಚಮ್ಮನ ವಿಷಯ. ಅವಳ ಅಪ್ಪ ಮೊಗಲಪ್ಪ ನಮ್ಮ ಮುತ್ತಜ್ಜನ ಹೊಲ, ದನ ನೋಡುವವನು. ಅವರು ಕೇರಿಯವರು, ನಮ್ಮ ಹೊಸ್ತಿಲು ದಾಟುವಂತಿರಲಿಲ್ಲ. ಮೇವಿನ ಹೊರೆ ಇಳಿಸಿ ಮಗಳು ಅಂಗಳದಲ್ಲೇ ನಿಂತು ಕತೆ ಕೇಳುತ್ತಿದ್ದಳು. ಒಂದು ದಿನ ಮಾಸ್ತರರು, "ಬಾ ಯವ್ವ, ಕುಂದ್ರು" ಎಂದರು. ಮುತ್ತಜ್ಜ ಒಳಗಿನಿಂದ ಬಂದು, "ಮಾಸ್ತರ್, ಕುಂಡ್ರಲಿ, ಬ್ಯಾಡ ಅನಂಗಿಲ್ಲ. ಆದ್ರ ಹೊಸ್ತಿಲದ ಆಚೀಗಿ" ಎಂದ. ಮಾಸ್ತರರು ಹೂಂ ಎಂದರು. ಮನೆ ಮುತ್ತಜ್ಜನದು, ಇಲ್ಲ ಎಂದರೆ ಸಾಲಿಯೇ ಇಲ್ಲ. ಮಣೆಯನ್ನು ಹೊಸ್ತಿಲಿನ ತನಕ ಸರಿಸಿಕೊಂಡರು, ಅವರ ಕೈಲಾದದ್ದು ಅಷ್ಟು. ಹೀಗೆ ಲಚ್ಚಮ್ಮ ಮಾಸ್ತರರಿಗೆ ಸರಿ ಎದುರಿಗೆ, ಪುಸ್ತಕದ ಆಚೆ ಕಡೆ ಕೂತಳು.

ನಿಮಗೆ ಈಗಲೇ ತಿಳಿದಿರಬೇಕು. ಮಾಸ್ತರರಿಗೆ ಮಾತ್ರ ತಿಳಿಯಲಿಲ್ಲ. ಎಡಗಡೆಯವರು ಅಡ್ಡ ಓದಲು ಕಲಿತರು, ಬಲಗಡೆಯವರು ಇನ್ನೊಂದು ಅಡ್ಡಕ್ಕೆ ಕಲಿತರು, ಲಚ್ಚಮ್ಮ ತಲೆಕೆಳಗಾಗಿ ಓದಲು ಕಲಿತಳು. ಹಾಗಾದರೆ ಬರೆಯುವಾಗಲಾದರೂ ಗೊತ್ತಾಗಬೇಕಿತ್ತಲ್ಲ ಎಂದು ನಾನು ಕೇಳಿದ್ದುಂಟು. ಅಜ್ಜಿ ನಕ್ಕಳು. ಪಾಟಿ ಕೊಳ್ಳುವ ಶಕ್ತಿ ಯಾರಿಗಿತ್ತು? ಎಲ್ಲರೂ ತಮ್ಮ ಮುಂದಿನ ನೆಲದ ಮೇಲೆ ಮಣ್ಣು ಹರಡಿ ಬೆರಳಲ್ಲಿ ಬರೆಯುತ್ತಿದ್ದರು, ತಮಗೆ ಕಂಡ ಹಾಗೆ. ತಮಗೆ ಕಂಡ ಹಾಗೆ ಬರೆದರೆ ಅದು ಕೂತ ಜಾಗದಿಂದ ಮಾಸ್ತರರಿಗೆ ನೆಟ್ಟಗೇ ಕಾಣುತ್ತದೆ! ಲಚ್ಚಮ್ಮನ ಅಕ್ಷರ ಎಲ್ಲರಿಗಿಂತ ದುಂಡಗೆ. "ನೋಡ್ರಿ, ಆ ಪೋರಿ ಎದುರಿಗಿ ಕುಂತ್ರೂ ನನಗ ಓದಾಕ ಅನುಕೂಲ ಆಗ್ಲಿ ಅಂತ ನನ್ನ ಕಡೀಗಿ ತಿರುಗ್ಸಿ ಬರೀತಾಳ" ಎಂದು ಮಾಸ್ತರರು ಹಿಗ್ಗುತ್ತಿದ್ದರು. ಅವಳೇ ಸಾಲಿಯಲ್ಲಿ ಎಲ್ಲರಿಗಿಂತ ಮುಂದೆ. ಇಲಿ ತಿಂದ ಕತೆಗೂ ಅವಳದೇ ಒಂದು ಜವಾಬು: "ಆಚೀ ದಂಡಿ ಮ್ಯಾಗ ಯಾರರ ನಿಂತಿರ್ತಾರಲ್ರೀ, ಅವ್ರಿಗಿ ಕೇಳ್ರಿ. ಅವ್ರಿಗಿ ಕಂಡಿರ್ತದ."

ಖಾಸಗಿ ಸಾಲಿ ನಡೆಸಬೇಕೆಂದರೆ ಆಗ ಸರ್ಕಾರದ ಇಜಾಜತ್, ಅಂದರೆ ಅನುಮತಿ ಬೇಕಿತ್ತು. ಮಾಸ್ತರರು ಅರ್ಜಿ ಹಾಕಿದ್ದರು. ತಾಲೀಮಿನ, ಅಂದರೆ ವಿದ್ಯಾ ಇಲಾಖೆಯ ಸಾಹೇಬರು ಬಂದು ನೋಡುತ್ತಾರೆ, ಮಕ್ಕಳು ಓದಿದರೆ ಇಜಾಜತ್, ಇಲ್ಲದಿದ್ದರೆ ಬಾಗಿಲು ಮುಚ್ಚಬೇಕು ಎಂದು ಹೇಳಿಕೆ ಬಂತು. ಮಾಸ್ತರರು ಹೆದರಲಿಲ್ಲ, ಕುಣಿದಾಡಿದರು. ಇಜಾಜತ್ ಒಂದು ಕೈಗೆ ಬಂದರೆ ತಾಂಡೂರಿನ ಸ್ಟೇಷನ್ನಿಗೆ ರೈಲಿನಲ್ಲಿ ಒಂದು ಪೆಟ್ಟಿಗೆ ಪುಸ್ತಕ ತರಿಸುವ ಏರ್ಪಾಡು ಮಾಡಿದ್ದರು. "ಒಬ್ಬೊಬ್ಬರಿಗಿ ಒಂದೊಂದು ಬುಕ್! ತೊಡಿ ಮ್ಯಾಗ ಇಟ್ಕೊಂಡು ಓದ್ಬಹುದು!" ಅಜ್ಜಿಗೆ ಅದನ್ನು ನಂಬಲಿಕ್ಕೇ ಆಗಲಿಲ್ಲವಂತೆ.

ಸಾಹೇಬರು ಕುದುರೆ ಮೇಲೆ ಬಂದರು, ಜೊತೆಗೆ ಅವರ ಗುಮಾಸ್ತ, ಕನ್ನಡ ಬಲ್ಲ ಒಬ್ಬ ಪೇಶ್ಕಾರ. ಬಿಸಿಲು ಜೋರಿತ್ತು, ಮನೆಯ ಹೊರಗೋಡೆಯ ನೆರಳಲ್ಲಿ ಕುರ್ಚಿ ಹಾಕಿದರು. ಮಕ್ಕಳೆಲ್ಲ ಅಂಗಳದಲ್ಲಿ ನಿಂತರು. ಊರಿನ ಅರ್ಧ ಜನ ಅಲ್ಲೇ.

ಸಾಹೇಬರು ಪುಸ್ತಕ ತರಿಸಿ, ಮೊದಲು ಮನೆ ಮಗಳೆಂದು ನಮ್ಮ ಅಜ್ಜಿಗೆ ಕೊಡಿಸಿದರು. ಅಜ್ಜಿ ಜೀವನದಲ್ಲಿ ಮೊದಲ ಸಲ ಆ ಪುಸ್ತಕ ಮುಟ್ಟಿದ್ದು. ನೋಡಿದಳು, ಅಕ್ಷರ ಗುರುತೇ ಸಿಗಲಿಲ್ಲ. ಅಡ್ಡ ತಿರುಗಿಸಿದಳು, ಸಿಕ್ಕವು. ಓದಿದಳು. ಸಾಹೇಬರು ಮೀಸೆಯಲ್ಲಿ ನಕ್ಕರು. ಬಲಗಡೆಯ ಹುಡುಗನೊಬ್ಬನಿಗೆ ಕೊಟ್ಟರೆ ಅವನು ಇನ್ನೊಂದು ಕಡೆಗೆ ಅಡ್ಡ ತಿರುಗಿಸಿದ. ಸಾಹೇಬರ ನಗು ನಿಂತಿತು. ಖಂಡೆಪ್ಪ ಮಾಸ್ತರರ ಮುಖ ನೋಡಬೇಕಿತ್ತು ಎನ್ನುತ್ತಾಳೆ ಅಜ್ಜಿ. ಆವತ್ತಿನವರೆಗೆ ಅವರು ಯಾವ ಮಗುವಿನ ಕೈಗೂ ಪುಸ್ತಕ ಕೊಟ್ಟು ನೋಡಿದವರಲ್ಲ.

"ಬಾಯಿಪಾಠ ಮಾಡ್ಸೀರಿ" ಎಂದ ಪೇಶ್ಕಾರ, ಸಾಹೇಬರ ಪರವಾಗಿ.

"ಇಲ್ಲರೀ ಸರ್ಕಾರ್, ಖರೇನೇ ಓದ್ತಾರ! ಲಚ್ಚಮ್ಮ, ಬಾ ಯವ್ವ, ನೀ ಓದು!"

ಮುತ್ತಜ್ಜ ಕೆಮ್ಮಿದ. ಮಾಸ್ತರರು ಆ ಕಡೆ ನೋಡಲಿಲ್ಲ. ಲಚ್ಚಮ್ಮ ಬಂದಳು, ಕೈಯನ್ನು ಲಂಗಕ್ಕೆ ಒರೆಸಿಕೊಂಡು ಪುಸ್ತಕ ತೆಗೆದುಕೊಂಡಳು, ಪೂರ್ತಿ ತಲೆಕೆಳಗು ಮಾಡಿ ಹಿಡಿದಳು, ನೀರು ಹರಿದ ಹಾಗೆ ಓದಿದಳು.

"ತೋತಾ!" ಎಂದರು ಸಾಹೇಬರು. ಗಿಳಿಪಾಠ. ಪುಸ್ತಕ ಕಸಿದು ಪಕ್ಕಕ್ಕಿಟ್ಟು, ಪೇಶ್ಕಾರನಿಗೆ ಗೋಡೆ ತೋರಿಸಿದರು. ಪುಸ್ತಕದಲ್ಲಿ ಇಲ್ಲದ್ದು ಏನಾದರೂ ಬರೆ ಎಂದರು.

"ಸರ್ಕಾರ್, ಗ್ವಾಡಿ ಮ್ಯಾಗ ಬ್ಯಾಡ್ರೀ," ಮಾಸ್ತರರು ಕೈ ಮುಗಿದರು. "ಕಾಗದದ ಮ್ಯಾಗ ಬರೀರಿ, ಆಕಿ ತಿರುಗ್ಸಿ ಓದ್ತಾಳ. ಆಕಿ ಎದುರಿಗಿ ಕುಂತು ಕಲ್ತಾಳ್ರೀ, ಅದಕ್ಕ..."

"ಎದುರಿಗ್ಯಾಕ?" ಪೇಶ್ಕಾರ ಕೇಳಿದ. "ಉಳದ ಮಕ್ಕಳ ಸಂಗಾಟ ಯಾಕ ಕುಂದ್ರಸ್ಲಿಲ್ಲ?"

ಮಾಸ್ತರರು ಮುತ್ತಜ್ಜನ ಕಡೆ ನೋಡಿದರು. ಮುತ್ತಜ್ಜ ಅವರನ್ನೇ ನೋಡುತ್ತಿದ್ದ. ಮಾಸ್ತರರು ಮುಗಿದ ಕೈ ಇಳಿಸಿ ಪಕ್ಕಕ್ಕೆ ಸರಿದರು.

ಪೇಶ್ಕಾರ ಇದ್ದಲು ತೆಗೆದುಕೊಂಡು ಸಾಹೇಬರ ಕುರ್ಚಿಯ ಪಕ್ಕದ ಗೋಡೆಯ ಮೇಲೆ ದೊಡ್ಡದಾಗಿ ಒಂದು ಸಾಲು ಬರೆದ. ಲಚ್ಚಮ್ಮ ನೋಡಿದಳು. ಕುತ್ತಿಗೆ ಈ ಕಡೆ ವಾಲಿಸಿದಳು, ಆ ಕಡೆ ವಾಲಿಸಿದಳು. ಗೋಡೆ ತಿರುಗುವುದಿಲ್ಲ. ಜನ ಕಿಸಕ್ಕೆಂದರು. ಅವಳು ಮಾಸ್ತರರನ್ನು ನೋಡಿದಳು, ಅವರ ಕಣ್ಣಲ್ಲಿ ನೀರು. ಅದನ್ನು ನೋಡಿದ್ದೇ ಅವಳಿಗೆ ಒಂದು ಉಪಾಯ ಹೊಳೆಯಿತು. ಗೋಡೆಗೆ ಬೆನ್ನು ಮಾಡಿ ನಿಂತಳು, ಲಂಗವನ್ನು ಮೊಣಕಾಲಿಗೆ ಒತ್ತಿ ಹಿಡಿದಳು, ಬಗ್ಗಿ ಎರಡು ಕಾಲಿನ ನಡುವಿಂದ ತಲೆ ತೂರಿಸಿ ಗೋಡೆ ನೋಡಿದಳು.

ಸಣ್ಣ ಮಕ್ಕಳು ಹಾಗೆ ಬಗ್ಗಿ ನೋಡಿದರೆ ಮನೆಗೆ ಬೀಗರು, ನೆಂಟರು ಬರುತ್ತಾರೆ ಅಂತ ನಮ್ಮ ಕಡೆ ಮಾತಿದೆ. ಹಿಂದಿನಿಂದ ಪೋಚಮ್ಮ ಎನ್ನುವ ಮುದುಕಿ, "ಯವ್ವಾ, ಇನ್ಯಾರ್ನ ಕರೀತೀಯೇ! ಬಂದ ಬೀಗರಿಗೇ ಕುರ್ಚಿ ಒಂದೇ ಐತಿ!" ಎಂದಳು. ಅಂಗಳಕ್ಕೆ ಅಂಗಳವೇ ನಕ್ಕಿತು. ಆ ನಗುವಿನ ನಡುವೆ ಲಚ್ಚಮ್ಮ ಕೆಂಪಾದ ಮುಖದಲ್ಲಿ ಕೂಗಿ ಓದಿದಳು: "ಸಾ-ಹೇ-ಬ-ರ ಕು-ದು-ರೆ ಬಿ-ಳಿ-ದು! ಸಾಹೇಬರ ಕುದುರೆ ಬಿಳಿದು!"

ಒಂದಕ್ಷರ ತಪ್ಪಿಲ್ಲ.

ಆದರೆ ಗೋಡೆಗೆ ಒರಗಿ ಕುರ್ಚಿಯಲ್ಲಿ ಕೂತ ಸಾಹೇಬರಿಗೆ ಕಂಡದ್ದು ಅಕ್ಷರವಲ್ಲ. ಊರ ಜನರೆದುರು ಒಂದು ಪೋರಿ ತಮಗೆ ಹಿಂಬದಿ ತೋರಿಸಿ ಬಗ್ಗಿದ್ದು, ಜನ ನಕ್ಕದ್ದು. "ಯೇ ಕ್ಯಾ ಬದ್ತಮೀಜಿ ಹೈ!" ಎಂದು, ಇದೆಂಥ ಉದ್ಧಟತನ ಎಂದು ಸಿಡಿದು ಎದ್ದರು. ಪೇಶ್ಕಾರ, "ಹುಜೂರ್, ಲಡ್ಕೀನೆ ಸಹೀ ಪಢಾ" ಎಂದು ಅವರ ಹಿಂದೆ ಓಡಿದ, ಹುಡುಗಿ ಸರಿಯಾಗಿಯೇ ಓದಿದಳು ಎಂದು. ಸಾಹೇಬರು ಅಷ್ಟರಲ್ಲಿ ಕುದುರೆಯ ರಿಕಾಬಿನಲ್ಲಿ ಕಾಲಿಟ್ಟಿದ್ದರು. ಲಚ್ಚಮ್ಮ ಇನ್ನೂ ಬಗ್ಗಿಯೇ ಇದ್ದಳು, ಯಾರಾದರೂ ಶಾಬಾಷ್ ಅನ್ನಲಿ ಎಂದು.

ಸಾಲಿ ಮುಚ್ಚಬೇಕೆಂದು ಹುಕುಂ ಬಂತು. ಪೆಟ್ಟಿಗೆ ತರಿಸಲೇ ಇಲ್ಲ. ಮುತ್ತಜ್ಜ ಬೇರೆ ಕಾರಣಕ್ಕೆ ಸಿಟ್ಟಾಗಿದ್ದ. "ಆಕಿ ಮುಟ್ಟಿದ್ ಬುಕ್ ಇನ್ನ ನಮ್ಮ ಮನ್ಯಾಗ ಬ್ಯಾಡ ಮಾಸ್ತರ್" ಎಂದ. ನಮ್ಮ ಅಜ್ಜಿ ಅತ್ತಳು, ಅತ್ತರೆ ಯಾರು ಕೇಳುತ್ತಾರೆ? ಮಾಸ್ತರರು ಕೇರಿಯ ತನಕ ನಡೆದು ಹೋಗಿ ಪುಸ್ತಕವನ್ನು ಲಚ್ಚಮ್ಮನ ಕೈಗೆ ಕೊಟ್ಟು, ತಾಂಡೂರಿನ ಅದೇ ಅಡತಿಗೆ ವಾಪಸ್ ಹೋದರು. ಅಲ್ಲಿಂದಲೂ ಅರ್ಜಿ ಮೇಲೆ ಅರ್ಜಿ ಬರೆದರು. ಒಂದಕ್ಕೂ ಜವಾಬು ಬರಲಿಲ್ಲ.

ಮುಂದಿನದನ್ನು ಮಾಸ್ತರರೇ ಅಜ್ಜಿಯ ಮದುವೆಗೆ ಬಂದಾಗ ಹೇಳಿದ್ದು. ಮೊಗಲಪ್ಪ ಕೆಲವು ವರ್ಷದ ಮೇಲೆ ಹೆಂಡತಿ ಮಗಳನ್ನು ಕಟ್ಟಿಕೊಂಡು ತಾಂಡೂರಿಗೆ, ನೆಲಕ್ಕೆ ಹಾಸುವ ಪರಸಿ ಕಲ್ಲು ಒಡೆಯುವ ಕೆಲಸಕ್ಕೆ ಹೋದ. ಮಾಸ್ತರರಿಗೆ ಸುದ್ದಿ ಸಿಕ್ಕಿತು, ಹುಡುಕಿಕೊಂಡು ಹೋದರು. ಜೋಡಿಸಿಟ್ಟ ಕಲ್ಲುಗಳ ಹತ್ತಿರ ಲಚ್ಚಮ್ಮನ ಗುಡಿಸಲು. ಹುಡುಗಿ ಎತ್ತರವಾಗಿದ್ದಳು, ಕೂದಲು ತುಂಬ ಕಲ್ಲಿನ ಪುಡಿ.

"ಬುಕ್ ಅದ ಏನ್ ಯವ್ವ?"

"ಇಲ್ದ ಏನ್ರೀ!" ಓಡಿ ಹೋಗಿ ಬಟ್ಟೆಯಲ್ಲಿ ಸುತ್ತಿದ್ದನ್ನು ತಂದಳು. ಒಂದು ಚಪ್ಪಟೆ ಕಲ್ಲಿನ ಮೇಲೆ ಇಟ್ಟಳು, ಮಾಸ್ತರರಿಗೆ ನೆಟ್ಟಗೆ ಕಾಣುವ ಹಾಗೆ. ತಾನು ಎದುರಿಗೆ ಕೂತಳು.

"ನಿನ್ನ ಕಡೀಗಿ ತಿರುಗ್ಸಕೋ. ನೆಟ್ಟಗ ಓದಾಕ ಕಲಸ್ತೀನಿ. ಬಾಳ ಹೊತ್ತು ಹತ್ತಂಗಿಲ್ಲ. ಊರ ತುಂಬ ಅಕ್ಷರ ಅವ ಯವ್ವ, ಎಲ್ಲಾ ನೆಟ್ಟಗೇ ಅವ."

"ಅಯ್ಯ, ನಿಮಗ್ ತಲಿಕೆಳಗ ಆಗ್ತದಲ್ರೀ."

ಮಾಸ್ತರರು ಎದ್ದರು. ಹೊಸ್ತಿಲು ಎಲ್ಲೂ ಇರಲಿಲ್ಲ, ಮುತ್ತಜ್ಜನೂ ಇರಲಿಲ್ಲ, ಸುತ್ತ ಬರೀ ಕಲ್ಲು. ಕಲ್ಲನ್ನು ಬಳಸಿ ಹೋಗಿ ಲಚ್ಚಮ್ಮನ ಪಕ್ಕದಲ್ಲಿ ಕೂತರು. ಅವಳು ಬೆಂಕಿ ತಾಗಿದವಳ ಹಾಗೆ ಎದ್ದಳು. "ಬ್ಯಾಡ್ರೀ ಅಪ್ಪಾರ, ಯಾರರ ನೋಡ್ಯಾರು" ಎಂದು ಸರಸರ ಆಚೆ ಹೋಗಿ, ಅವರು ಎದ್ದು ಬಂದ ಜಾಗದಲ್ಲಿ ಕೂತಳು.

ಈಗ ಪುಸ್ತಕ ಅವಳ ಮುಂದೆ ನೆಟ್ಟಗಿತ್ತು. ಅವಳು ಬಗ್ಗಿ ನೋಡಿದಳು, ಹುಬ್ಬು ಗಂಟು ಹಾಕಿದಳು. ಆಮೇಲೆ ಎರಡೂ ಕೈಯಲ್ಲಿ, ಹಾಳೆ ಮುರಿಯದ ಹಾಗೆ ಮೆಲ್ಲಗೆ, ಪುಸ್ತಕವನ್ನು ಮಾಸ್ತರರ ಕಡೆಗೆ ತಿರುಗಿಸಿಟ್ಟಳು.

"ಹಾಂ, ಈಗ ಕಾಣ್ಸಿತು. ಕೇಳ್ರಿ," ಎಂದು ಮೊದಲ ಅಕ್ಷರದ ಮೇಲೆ ಬೆರಳಿಟ್ಟಳು.