ಬೀಗರ ಊರಾಗ ಸೀಳಿದ ಪತ್ರೋಳಿ

ಕೇಳ್ರೆಪ್ಪಾ, ನೂರ ವರ್ಷದ ಮ್ಯಾಲಿನ ಮಾತಿದು. ನಮ್ಮ ಮುತ್ತಜ್ಜಿ ಮಾಯವ್ವ ಇದ್ಲಲ್ಲ, ಆಕಿ ಅಪ್ಪ ಶಟ್ಟೆಪ್ಪ. ಕಿತ್ತೂರ ಕಡೆ ಅಡವಿ ಅಂಚಿನ ಹಳ್ಳಿಯಾಂವ. ಹೊಲ ಇದ್ದದ್ದು ತುಸು, ಹೆಸರ ಮಾಡಿದ್ದು ಪತ್ರೋಳಿ ಹಚ್ಚೂದ್ರಾಗ. ಮುತ್ತಲ ಎಲಿಗೆ ಕಡ್ಡಿ ಚುಚ್ಚಿ ಊಟದ ಎಲಿ ಹಚ್ಚಾಕ ಕುಂತಂದ್ರ, ಕಣ್ಣ ಬ್ಯಾರೆ ಕಡೆ, ಬಾಯಿ ಹರಟಿಯಾಗ, ಕೈ ಮಾತ್ರ ಅದರ ಪಾಡಿಗೆ. ಸುತ್ತ ಯಾರ ಮನಿ ಮದುವಿ ಇದ್ರೂ ಇಂವನ ಪತ್ರೋಳಿನ. ಅದರ ಸೊಕ್ಕೂ ಇತ್ತು, ಇಲ್ಲ ಅನ್ನಾಂಗಿಲ್ಲ.

ಮಾಯವ್ವನ್ನ ಕಟಕೋಳಕ್ಕ ಕೊಟ್ರು. ಮದುವಿ ಗಂಡಿನ ಮನ್ಯಾಗ. "ಊಟದ ಎಲಿ ನಂದು" ಅಂತ ಶಟ್ಟೆಪ್ಪ ಮಾತ ಕೊಟ್ಟ. ಚಕ್ಕಡಿ ತುಂಬ ಪತ್ರೋಳಿ ಹೇರ್ಕೊಂಡು ಬೈಲಹೊಂಗಲ, ಯರಗಟ್ಟಿ ದಾಟಿ ಹೊಂಟ. ಮಾಘದ ಮೂಡಗಾಳಿ, ತುಟಿ ಒಡಿಯೂ ಅಂಥಾ ಒಣ ಗಾಳಿ.

ಹೋಗಿ ನೋಡ್ತಾನ, ಬೀಗತಿ ಬೀರವ್ವ ಆಗಲೇ ಒಂದಿಷ್ಟು ಪತ್ರೋಳಿ ಹಚ್ಚಿ ಇಟ್ಟಾಳ, ಕಮ್ಮಿ ಬಿದ್ರ ಇರ್ಲಿ ಅಂತ. ಅವೂ ಮುತ್ತಲನ, ಆದ್ರ ಆ ಊರ ಸುಣ್ಣಗಲ್ಲಿನ ಗುಡ್ಡದವು. ಎಲಿ ಸಣ್ಣು, ದಪ್ಪ, ತಳಕ್ಕ ಕೈ ಆಡಿಸಿದ್ರ ಕರುವಿನ ಮೈಯಂಗ ಕೂದಲ. ಶಟ್ಟೆಪ್ಪ ಒಂದ ಎತ್ತಿ ಎಲ್ಲಾರ ಮುಂದ ನಕ್ಕ.

"ಏನ್ರೀ ಬೀಗತ್ಯಾರ, ಇದು ಊಟಕ್ಕೋ, ಗೊಂಬಿ ಮದುವಿಗೋ? ಎಷ್ಟ ತ್ಯಾಪಿ ಹಚ್ಚೀರಿ!"

"ಏನ ಮಾಡೂದ್ರಿ ಬೀಗರ," ಅಂದ್ಲು ಬೀರವ್ವ. "ಆ ಗುಡ್ಡದಾಗ ಬಿದ್ದ ಮಳಿ ಕಲ್ಲಿನ ಸೀಳಿನ್ಯಾಗ ಸರ್ರನ ಇಳದ ಹೋಗತೈತಿ. ಗಿಡಕ್ಕ ದಕ್ಕೂದ ಗುಟುಕ ನೀರು. ಅದಕ್ಕ ಎಲಿ ಸಣ್ಣ ಮಾಡ್ಕೋತಾವು, ಮೈ ದಪ್ಪ ಮಾಡ್ಕೋತಾವು, ಇದ್ದ ನೀರ ಗಾಳಿ ಕುಡೀಬಾರದಂತ ಕೂದಲಾ ಹೊದ್ಕೋತಾವು. ನಿಮ್ಮವಕ್ಕ ಒಂದೀಟ ನೀರ ಚಿಮುಕಿಸಿ ಇಡ್ಲ್ಯಾ? ಇದು ನಿಮ್ಮ ಅಡವಿ ಗಾಳಿ ಅಲ್ಲ."

"ಶಟ್ಟೆಪ್ಪನ ಎಲಿಗೆ ಯಾರೂ ನೀರ ಚಿಮುಕಿಸಬೇಕಾಗಿಲ್ಲ!"

ಬೀರವ್ವ ತನ್ನ ಪತ್ರೋಳಿ ಎತ್ತಿ ಒಳಗ ಒಯ್ದ್ಲು.

ಪಂಗ್ತಿ ಕುಂತ್ರು. ಗೋಧಿ ಹುಗ್ಗಿ ಬಿತ್ತು, ತುಪ್ಪ ಬಿತ್ತು. ಶಟ್ಟೆಪ್ಪ ಮೀಸಿ ತಿರುವಿಕೋತ ನಿಂತಾನ. ಸಾರು ಹಾಕಾಕ ಬಂದ್ರು ನೋಡ್ರಿ, ಟರ್ ಅಂತ ಒಂದು ಎಲಿ. ಟರ್ ಅಂತ ಇನ್ನೊಂದು. ದೊಡ್ಡ ದೊಡ್ಡ ತೆಳ್ಳನ ಎಲಿ, ದಾರ್ಯಾಗ ಒಣಗಿ ಹಪ್ಪಳ ಆಗಿದ್ವು. ಸಾರು ನೆಲಕ್ಕ, ನೆಲದಿಂದ ಹಿರ್ಯಾರ ಬಿಳೇ ಧೋತರಕ್ಕ.

ಬೀಗ ರಾಮಲಿಂಗಪ್ಪ ಧೋತರ ಎತ್ತಿ ಹಿಡಿದು ಕೂಗಿದ: "ಬೀಗರ, ಪತ್ರೋಳಿ ಹಚ್ಚೀರೋ ಸಾಣಿಗಿ ಹಚ್ಚೀರೋ?"

ಪಂಗ್ತಿಗೆ ಪಂಗ್ತಿನ ನಕ್ತು. ಬೀರವ್ವ ಒಳಗ ಹೋದ್ಲು. ಸಣ್ಣೆಲಿ ಪತ್ರೋಳಿ ತಂದು ಒಬ್ಬೊಬ್ಬರ ಮುಂದ ಇಟ್ಕೋತ ಹೋದ್ಲು, ಅವು ಸೀಳಲಿಲ್ಲ. ಕಮ್ಮಿ ಬಿದ್ದಲ್ಲಿ ಮನಿ ತಾಟ ಬಂದ್ವು. ಶಟ್ಟೆಪ್ಪಗ ಭೂಮಿ ಬಾಯಿ ಬಿಟ್ರ ಇಳದ ಹೋಗೂ ಹಂಗಾಗಿತ್ತು. ಅದೂ ಹೋಗ್ಲಿ, ಬಾಗಲದಾಗ ಬಾಸಿಂಗ ಕಟ್ಟಿಕೊಂಡ ನಿಂತ ಮಗಳು ತಲಿ ಕೆಳಗ ಹಾಕಿದ್ಲು. ಜನ್ಮಪೂರ್ತಿ ಆಕಿ ಈ ಮಾತ ಕೇಳಬೇಕಲ್ಲ ಅಂತ ಅವಗ ಅನಿಸ್ತು.

ಮರುದಿನ ಹೊಂಡೂ ಮುಂದ ಬೀರವ್ವಗ ಕೈ ಮುಗದ. "ಬೀಗತ್ಯಾರ, ತಪ್ಪ ನಂದು. ನನ್ನ ಮಗಳಿಗೆ ಅನಬ್ಯಾಡ್ರಿ."

"ಅನ್ನೂದ ಬಿಡಾಂಗಿಲ್ರಿ, ಬೀಗರಾದ ಮ್ಯಾಲ!" ಅಂತ ನಕ್ಲು ಆಕಿ. "ನೀವ ಬಂದ್ರ ನಿಮಗ ಅಂತೀವಿ. ಬರಲಿಲ್ಲಂದ್ರ ಮನ್ಯಾಗ ಇದ್ದವರಿಗೆ ಅಂತೀವಿ."

ಆಕಿ ಅಂದದ್ದು ಚ್ಯಾಷ್ಟಿಗೆ. ಶಟ್ಟೆಪ್ಪ ಅದನ್ನ ಚ್ಯಾಷ್ಟಿ ಅಂತ ತಿಳೀಲಿಲ್ಲ. ಸಾಯೂತನಾ ಆ ಮನ್ಯಾಗ ಕುಬಸ, ತೊಟ್ಟಿಲ, ಮದುವಿ, ಏನ ಇದ್ರೂ ತಪ್ಪಿಸಲಿಲ್ಲ. "ಸಾಣಿಗಿ ಶಟ್ಟೆಪ್ಪ ಬಂದಾ" ಅಂದಕೂಡ್ಲೆ ಕಿವಿ ಕೆಂಪಗಾಗ್ತಿದ್ವು, ಕುತ್ತಿಗಿ ಬಗ್ಗತಿತ್ತು. ಕಾಲ ಸೋತ ಮ್ಯಾಲೂ ಚಕ್ಕಡ್ಯಾಗ ಮಲಗಿಕೊಂಡ ಹೋಗ್ತಿದ್ದ. ಹೋಗಿ, ಪಂಗ್ತಿ ಮೊದಲಿಗೇ ಕುಂದರತಿದ್ದ, ಎಲ್ಲಾರ ಕಣ್ಣಿಗೂ ಬೀಳೂ ಹಂಗ.