ಮೀಸೆಯವನನ್ನು ತಂಡದಿಂದ ತೆಗೆಯುವುದಿಲ್ಲ

ನೋಡ್ರೆಪ್ಪಾ, ಇವತ್ತು ಮೊಮ್ಮಗಳು ಸವಿತಾಳಿಗೂ ನನಗೂ ಬೇಸ್‌ಬಾಲ್ ಮೇಲೆ ಜಗಳವಾಯಿತು. ಇಬ್ಬರೂ ಸೇರಿ ಕಂಪ್ಯೂಟರಿನಲ್ಲಿ ಒಂದು ತಂಡ ಕಟ್ಟಿದ್ದೇವೆ. ಆಟಗಾರರನ್ನು ನಾವು ಆರಿಸುತ್ತೇವೆ, ಪಂದ್ಯವನ್ನು ಅದೇ ಆಡಿಸುತ್ತದೆ. ಅರ್ಧದಷ್ಟು ಪಂದ್ಯಗಳು ನಮ್ಮ ಮೈದಾನದಲ್ಲಿ, ಉಳಿದವು ಪರವೂರಿನಲ್ಲಿ. ನಾನು ಆರಿಸಿದ ಮೀಸೆಯವನು ನಮ್ಮಲ್ಲಿ ಚೆಂಡನ್ನು ಬೇಲಿ ದಾಟಿಸುತ್ತಾನೆ. ಹೊರಗೆ ಹೋದರೆ ಅವನಿಗೆ ಚೆಂಡೇ ಕಾಣುವುದಿಲ್ಲ.

"ಆಯಿ, ಇವನ್ನ ತಗದು ಒಗಿಯೂಣು. ಇವನಿಂದನ ಹೊರಗ ಸೋಲಾಕತ್ತೇವಿ," ಎಂದಳು.

"ಯಾಕ ಒಗೀಬೇಕಬೇ? ನಿಮ್ಮ ಮುತ್ಯಾನ್ನ ನಾ ಒಗದೇನೇನು? ಮಗ್ಗದಾಗ ಕುಂತ್ರ ಅವರ ದನಿ ಓಣಿಗೆಲ್ಲಾ ಕೇಳ್ತೈತಿ. ಸೀರಿ ಮಾರಾಕ ಸಾವಕಾರ ಅಂಗಡಿಗೆ ಹೋದ್ರ ಬಾಯಿನ ಬಿಡಂಗಿಲ್ಲ. ಅದಕ್ಕ ನೇಯೂದು ಅವರು, ಮಾರೂದು ನಾನು. ಇವನೂ ಮನ್ಯಾಗ ಆಡ್ಲಿ, ಹೊರಗ ಬ್ಯಾರೆಯವನ್ನ ಕಳಸು!"

ಕಳಿಸಿದೆವು. ಆದರೂ ಇವತ್ತು ಪರವೂರಿನಲ್ಲಿ ಸೋತೆವು. ಸೋತರೇನಂತೆ! ಮೀಸೆಯವನು ತಂಡದಲ್ಲೇ ಇದ್ದಾನೆ, ಇರುತ್ತಾನೆ.

ಅಷ್ಟರಲ್ಲಿ ನಮ್ಮ ಯಜಮಾನರು, ಅದೇ ಸವಿತಾಳ ಮುತ್ಯಾ, ಮಗ್ಗ ನಿಲ್ಲಿಸಿ ಗುಡುಗಿದರು: "ನನ್ನ ಸುದ್ದಿ ಯಾಕ ತಗದಿ? ನನಗೇನು ಬಾಯಿ ಇಲ್ಲೇನು?"

"ಐತ್ರಿ. ನಾಳೆ ಅಂಗಡ್ಯಾಗೂ ಹಿಂಗ ಒದರ್ರಿ," ಎಂದೆ.

ಮಗ್ಗ ಮತ್ತೆ ಶುರುವಾಯಿತು.