ಹದಿನೈದನೇ ದಿನದ ಫೋನು

ವಿಶ್ವವಿದ್ಯಾಲಯದ ಗ್ರಂಥಾಲಯದ ಗೇಟಿಗೆ ಎದುರಾಗಿ ನನ್ನ ಜೆರಾಕ್ಸ್ ಅಂಗಡಿ. ಒಳಗೆ ಓದುವವರು ಎಷ್ಟು, ಓದುವ ಹಾಗೆ ಕೂತವರು ಎಷ್ಟು ಎಂಬುದು ಕುಲಪತಿಗಿಂತ ನನಗೇ ಚೆನ್ನಾಗಿ ಗೊತ್ತಿತ್ತು. ಅಲ್ಲಿನ ಕೌಂಟರಿನಲ್ಲಿ ಇಪ್ಪತ್ತೊಂಬತ್ತು ವರ್ಷ ಕೂತವನನ್ನು ಎಲ್ಲರೂ ತಾರೀಖಪ್ಪ ಎನ್ನುತ್ತಿದ್ದರು. ಪುಸ್ತಕದ ಹಿಂದಿನ ಚೀಟಿಯ ಮೇಲೆ ತಾರೀಖಿನ ಮೊಹರು ಢಬ್ ಎಂದು ಒತ್ತಿ, "ಹದಿನೈದು ದಿನ. ಹದಿನಾರನೇದು ನಿನ್ನದಲ್ಲ" ಎನ್ನುವುದು ಅವನ ಮಂತ್ರ. ಕಿಟಕಿ ತೆರೆದಿದ್ದರೆ ಆ ಢಬ್ ನನ್ನ ಅಂಗಡಿಗೂ ಕೇಳುತ್ತಿತ್ತು. ನನ್ನ ಬಾಳು ನಡೆದದ್ದೇ ಅದರಿಂದ. ಹದಿನಾಲ್ಕನೇ ದಿನ ಓದದ ಪುಸ್ತಕವನ್ನು ಎದೆಗವಚಿಕೊಂಡು ಎಲ್ಲರೂ ನನ್ನ ಮಿಷನ್ನಿನ ಮುಂದೆ ಸಾಲು ನಿಲ್ಲುತ್ತಿದ್ದರು.

ಆಮೇಲೆ ಪಾಠಗಳು ಪರದೆಗೆ ಹೋದವು, ವಿದ್ಯಾರ್ಥಿಗಳು ಮನೆಯಲ್ಲೇ ಉಳಿದರು. ಗ್ರಂಥಾಲಯದ ಮುಖ್ಯಸ್ಥೆ ತಾರೀಖಪ್ಪನನ್ನು ಕರೆದು ಹೇಳಿದರಂತೆ: ಕೌಂಟರ್ ಮುಚ್ಚುತ್ತೇವೆ. ಕೇಳಿದವರಿಗೆ ಕಂಪ್ಯೂಟರಿನಿಂದ ಪುಸ್ತಕದ ಫೈಲು ಕಳಿಸುವ ಕೆಲಸ ಮೂರು ತಿಂಗಳಲ್ಲಿ ಕಲಿತರೆ ಇಲ್ಲೇ, ಇಲ್ಲವಾದರೆ ಹಳೆಯ ಉತ್ತರಪತ್ರಿಕೆಗಳ ಗೋದಾಮಿಗೆ.

ನಿವೃತ್ತಿಗೆ ಇನ್ನೆರಡೇ ವರ್ಷ. ನೇರ ನನ್ನ ಅಂಗಡಿಗೆ ಬಂದ.

"ಇಲಿ ಕಾಯೋಕೆ ಹೋಗ್ಬೇಕಂತೆ ಕಣಯ್ಯ."

"ಹೋಗು. ಇಲಿಗಳಾದ್ರೂ ಹೇಳಿದ ಹೊತ್ತಿಗೆ ವಾಪಸ್ ಬರ್ತಾವೆ."

"ತಮಾಷೆ ಸಾಕು. ಪುಸ್ತಕ ಇಲ್ದಿರೋ ಕಡೆ ನಾನೇನು ಮಾಡ್ಲಿ? ಆ ಡಬ್ಬ ಹೇಗೆ ನಡೆಸೋದು, ತೋರ್ಸು."

ದಿನಾ ಊಟದ ಹೊತ್ತಿನಲ್ಲಿ ನನ್ನ ಕಂಪ್ಯೂಟರಿನಲ್ಲೇ ಕಲಿತ. ಫೈಲು ಮನೆಗೇ ಹೋದರೆ ಜೆರಾಕ್ಸ್ ಯಾರಿಗೆ ಬೇಕು? ನನ್ನ ಕಾಲಿನ ಮೇಲೆ ನಾನೇ ಕಲ್ಲು ಎತ್ತಿ ಹಾಕಿಕೊಂಡೆ ಎನ್ನಿ. ಅವನೋ ಒಂದೇ ಬೆರಳಲ್ಲಿ, ಒಂದೊಂದು ಅಕ್ಷರವನ್ನೂ ಮೊಹರಿನ ಹಾಗೆ ಒತ್ತುತ್ತಿದ್ದ. ನನ್ನ ಕೀಬೋರ್ಡಿನ ಎರಡು ಅಕ್ಷರ ಇವತ್ತಿಗೂ ಮೇಲೇಳುವುದಿಲ್ಲ.

ಅಂತೂ ಕಲಿತ. ಆದರೆ ಇಪ್ಪತ್ತೊಂಬತ್ತು ವರ್ಷದ ಕೈ ಸುಮ್ಮನಿರುತ್ತದೆಯೇ? ಕಳಿಸಿದ ಪ್ರತಿ ಫೈಲನ್ನೂ ರಿಜಿಸ್ಟರಿನಲ್ಲಿ ಬರೆದು ಪಕ್ಕದಲ್ಲಿ ಮೊಹರು ಒತ್ತಿದ. ಹದಿನೈದನೇ ದಿನ ಒಬ್ಬೊಬ್ಬರಿಗೂ ಫೋನು.

"ಲೈಬ್ರರಿಯಿಂದಮ್ಮ. ಪುಸ್ತಕ ವಾಪಸ್ ಯಾವಾಗ?"

"ಸರ್, ಅದು ಫೈಲು! ವಾಪಸ್ ಹೇಗೆ ಕೊಡ್ಲಿ?"

"ಅದು ಆಮೇಲೆ ನೋಡೋಣ. ಓದಿದ್ಯಾ?"

"ಫೈಲು ತೆರ್ಕೊಳ್ಲೇ ಇಲ್ಲ ಸರ್."

ಹೀಗೆ ಶುರುವಾದದ್ದು ಅರ್ಧ ಗಂಟೆ ಎಳೆಯುತ್ತಿತ್ತು.

ಎಲ್ಲರಿಗೂ ಇದು ಹಿಡಿಸಲಿಲ್ಲ. ಒಬ್ಬ ವಿದ್ಯಾರ್ಥಿ ಮುಖ್ಯಸ್ಥೆಗೆ ದೂರು ಬರೆದ, ಫೈಲು ವಾಪಸ್ ಕೊಡು ಎಂದು ನಿಮ್ಮವರು ಪ್ರಾಣ ತಿನ್ನುತ್ತಿದ್ದಾರೆ ಎಂದು. ಅದು ಮೂರನೇ ತಿಂಗಳ ಕೊನೆಯ ವಾರ. ತಾರೀಖಪ್ಪನಿಗೆ ಕರೆ ಬಂತು. ಕಾಗದದ ಕಟ್ಟು ಕೊಡುವ ನೆಪದಲ್ಲಿ ನಾನೂ ಆ ಕೋಣೆಗೆ ಹೋಗಿ ನಿಧಾನವಾಗಿ ಇಳಿಸುತ್ತ ನಿಂತೆ.

"ಫೈಲನ್ನ ಯಾರಾದ್ರೂ ವಾಪಸ್ ಕೇಳ್ತಾರೇನ್ರೀ? ಇಷ್ಟು ದಿನ ಕಲಿತದ್ದೇನು?" ಎಂದರು ಮುಖ್ಯಸ್ಥೆ. ಅವರ ಮುಂದೆ ಗೋದಾಮಿನ ಆದೇಶ ಸಿದ್ಧವಾಗಿತ್ತು, ಸಹಿ ಒಂದು ಬಾಕಿ.

ತಾರೀಖಪ್ಪ ತಲೆ ತಗ್ಗಿಸಿ, ಒಪ್ಪಿಸಿಬಿಡುವವನಂತೆ ರಿಜಿಸ್ಟರನ್ನು ಮೇಜಿನ ಮೇಲಿಟ್ಟ. ಅವರು ಒಂದು ಪುಟ ತಿರುವಿದರು, ಮತ್ತೊಂದು, ಮಗದೊಂದು. ಮೊಹರಿನ ಪಕ್ಕದಲ್ಲಿ ಅವನ ಗುಂಡು ಅಕ್ಷರ: 'ಪಾಸ್‌ವರ್ಡ್ ಮರೆತಿದ್ದಳು, ಹೇಳಿಕೊಟ್ಟೆ.' 'ಫೋನು ಅಣ್ಣನ ಕೈಯಲ್ಲಿ, ಸಂಜೆ ಮಾತ್ರ ಸಿಗುತ್ತದೆ. ಸಂಜೆ ಕಳಿಸಿದೆ.' 'ಫೈಲು ಭಾರ, ಇಳಿಯುತ್ತಿಲ್ಲ. ಅಧ್ಯಾಯ ಒಡೆದು ಕಳಿಸಿದೆ. ಇಳಿಯಿತು.'

"ಎಷ್ಟು ಫೈಲು ಹೋಯ್ತು ಅಂತ ನನ್ನ ಕಂಪ್ಯೂಟರ್ ಹೇಳುತ್ತೆ," ಎಂದರು ಮೆಲ್ಲಗೆ. "ಎಷ್ಟು ಜನಕ್ಕೆ ಮುಟ್ಟಲಿಲ್ಲ ಅಂತ ಹೇಳಿರ್ಲಿಲ್ಲ." ಆದೇಶದ ಹಾಳೆ ಡ್ರಾಯರಿಗೆ ಸರಿಯಿತು. "ಫೋನ್ ಮಾಡ್ತಾ ಇರಿ. ವಾಪಸ್ ಮಾತ್ರ ಕೇಳ್ಬೇಡಿ."

"ವಾಪಸ್ ಕೇಳ್ದೆ ಮಾತು ಶುರು ಮಾಡೋದು ಹೇಗೆ ಮೇಡಂ? ಓದಿದ್ಯಾ ಅಂತ ಮೊದ್ಲೇ ಕೇಳಿದ್ರೆ ಯಾರೂ ನಿಜ ಹೇಳಲ್ಲ."

ಎರಡು ವರ್ಷವೂ ವಾಪಸ್ ಕೇಳಿಯೇ ಮಾತಾಡಿಸಿದ. ಬೀಳ್ಕೊಡುಗೆಯ ದಿನ ಅವನ ಹೆಂಡತಿ ನನಗಂದರು, "ಊರವರನ್ನೆಲ್ಲ ಹದಿನೈದು ದಿನಕ್ಕೊಮ್ಮೆ ವಿಚಾರಿಸ್ಕೊಂಡ್ರು ಬಿಡಿ. ನನ್ನ ಹೆಸರು ರಿಜಿಸ್ಟರಲ್ಲಿ ಇರ್ಲಿಲ್ಲ."

ಮೊಹರು ಈಗ ನನ್ನ ಅಂಗಡಿಯಲ್ಲಿದೆ, ಅವನ ಕೊನೆಯ ದಿನದ ತಾರೀಖಿಗೇ ನಿಂತಿದೆ. ಗ್ರಂಥಾಲಯದ ಕಂಪ್ಯೂಟರಿನಿಂದಲೇ ಹದಿನೈದನೇ ದಿನ ಎಲ್ಲರ ಫೋನಿಗೂ ತಪ್ಪದೆ ಸಂದೇಶ ಬರುತ್ತದೆ. ಮೊನ್ನೆ ಒಬ್ಬಳು ತೋರಿಸಿದಳು. ಕೊನೆಯ ಸಾಲು: ದಯವಿಟ್ಟು ಇದಕ್ಕೆ ಉತ್ತರಿಸಬೇಡಿ.